ಬೀಗರೂಟಕ್ಕೆ ಮುಂಚೆ ಓಡಬೇಕಾದ ಮಷಿನ್

ನಾನು ಓದು ನಿಲ್ಲಿಸಿದ್ದು ೧೯೮೧ರಲ್ಲಿ, ಏಳನೇ ತರಗತಿಯ ನಡುವೆ. ಫೇಲಾಗಿ ಬಿಟ್ಟವನಲ್ಲ, ಇದು ಮೊದಲೇ ಗೊತ್ತಿರಲಿ. ಮನೆಯಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಒಲೆಗೆ ಸೌದೆ ಒಟ್ಟಲು ಒಬ್ಬರು ಕಡಿಮೆ ಬಿದ್ದಿದ್ದರು. "ಈ ಒಂದ್ ಸೀಸನ್ ನಿಂತ್ಕೊ ಕಣ್ಲಾ, ಆಮೇಲ್ ಓಗೀವಂತೆ" ಅಂದರು ಅಪ್ಪ. ಆ ಸೀಸನ್ನು ಮುಗಿದು ನಾನು ತಲೆಯೆತ್ತಿ ನೋಡುವಷ್ಟರಲ್ಲಿ ನನ್ನ ಜತೆಯವರು ಹೈಸ್ಕೂಲಿನಲ್ಲಿದ್ದರು, ನಾನು ಹುಣಸೂರಿನ ಒಂದು ರೇಡಿಯೋ ಅಂಗಡಿಯಲ್ಲಿದ್ದೆ.

ಆ ಅಂಗಡಿಯಲ್ಲೇ ರೇಡಿಯೋ ಹೋಗಿ ಟೇಪ್ ರೆಕಾರ್ಡರ್ ಬಂತು, ಟೇಪ್ ಹೋಗಿ ಟೀವಿ ಬಂತು, ಟೀವಿಯ ಹಿಂದೆ ಮಾಳಿಗೆಗೆ ಡಿಶ್ ಬಂತು. ಕೊನೆಗೆ ಯಜಮಾನರು ತೀರಿಕೊಂಡು, ಅವರ ಮಕ್ಕಳು ಕಟ್ಟಡವನ್ನು ಊರೂರಿಗೆ ಶಾಖೆಯಿರುವ ಒಂದು ದೊಡ್ಡ ಶೋರೂಮ್ ಕಂಪನಿಗೆ ಬಾಡಿಗೆಗೆ ಕೊಟ್ಟರು. ಗೋಡೆ, ಮಹಡಿ, ಹಿಂದಿನ ಗೋಡೌನ್, ಜತೆಗೆ ನಾನು. ಕಂಪನಿಯವರು ಎಲ್ಲವನ್ನೂ ಇಟ್ಟುಕೊಂಡು ಬಣ್ಣ ಬಳಿದರು. ನನಗೂ ಒಂದು ಕೆಂಪು ಟೀ ಶರ್ಟ್ ಕೊಟ್ಟರು. ಎದೆಯ ಮೇಲೆ 'ನನ್ನನ್ನು ಕೇಳಿ' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅದನ್ನು ಓದಬಲ್ಲವರು ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಓದಲು ಬಾರದವರೆಲ್ಲ ನನ್ನನ್ನೇ ಕೇಳುತ್ತಿದ್ದರು.

ಈಗ ಇಂಥ ಶೋರೂಮುಗಳಿಗೆ ಸೇರುವ ಹುಡುಗ ಹುಡುಗಿಯರು ದಾರಿಯಲ್ಲಿ ಸಿಕ್ಕರೆ, ಕೆಲಸ ಹೇಗಿರುತ್ತದೆ ಅಂತ ವಿಚಾರಿಸುತ್ತಾರೆ. ಟಾರ್ಗೆಟ್ಟು, ಇನ್ಸೆಂಟಿವ್ವು ಕಂಪನಿಯವರೇ ಹೇಳಿಕೊಡುತ್ತಾರೆ. ಗಿರಾಕಿಗೆ ಎಲ್ಲಿ ರೇಗುತ್ತದೆ ಅನ್ನುವುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಅದನ್ನಿಷ್ಟು ಬರೆಯುತ್ತೇನೆ.

ಮೊದಲು ರೇಗುವುದು ಬಾಗಿಲಲ್ಲೇ. ಗಾಜಿನ ಬಾಗಿಲು ಕಂಡರೆ ನಮ್ಮ ಕಡೆಯವರು ಚಪ್ಪಲಿ ಬಿಡುತ್ತಾರೆ. ಹೆಗ್ಗಡದೇವನಕೋಟೆ ಕಡೆಯಿಂದ ಒಂದು ಮಿಕ್ಸಿ ಕೊಳ್ಳಲು ಇಡೀ ಮನೆಯೇ ಗೂಡ್ಸ್ ಆಟೋದಲ್ಲಿ ಬಂದಿತ್ತು. ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರೂ ಚಪ್ಪಲಿ ಬಿಟ್ಟು ಒಳಗೆ ಬಂದರು. ಸೆಕ್ಯುರಿಟಿಯವನು ಆ ಚಪ್ಪಲಿಗಳನ್ನೆಲ್ಲ ಕಾಲಿನಲ್ಲಿ ಪಕ್ಕಕ್ಕೆ ದಬ್ಬಿದ. ಅಜ್ಜಿ ಅದನ್ನು ಗಾಜಿನಾಚೆಯಿಂದ ನೋಡಿತು. "ನಮ್ ಚಪ್ಲಿಗೇ ಮರ್ಯಾದಿ ಇಲ್ದ್ ಅಂಗ್ಡೀಲಿ ನಮಗೇನ್ ಕೊಟ್ಟಾರು, ನಡೀರ್ಲಾ" ಅಂದಿತು. ಅಷ್ಟೇ, ಇಡೀ ಮನೆ ಆಟೋ ಹತ್ತಿತು. ಮಾರನೆಯ ದಿನವೇ ನಾನು ಹಳೆಯ ಅಂಗಡಿಯ ಮರದ ಹಲಗೆಯೊಂದನ್ನು ತಂದು ಬಾಗಿಲ ಪಕ್ಕ ಹಾಕಿದೆ. ಕಂಪನಿಯ ನಕ್ಷೆಯಲ್ಲಿ ಚಪ್ಪಲಿ ಹಲಗೆಗೆ ಜಾಗವಿರಲಿಲ್ಲ. ಮೈಸೂರಿನಿಂದ ದೊಡ್ಡವರು ಬಂದಾಗೆಲ್ಲ ಅದನ್ನು ಎತ್ತಿ ಗೋಡೌನಿನಲ್ಲಿ ಬಚ್ಚಿಡುತ್ತಿದ್ದೆವು.

ಎರಡನೆಯದು ಟೀವಿ. ಶೋರೂಮಿನ ಗೋಡೆ ತುಂಬ ಟೀವಿ, ಎಲ್ಲದರಲ್ಲೂ ಬಣ್ಣಬಣ್ಣದ ಮೀನು. ಕೃಷ್ಣರಾಜನಗರದಿಂದ ಬಂದ ಹಿರಿಯರೊಬ್ಬರು ತುಂಬಾ ಹೊತ್ತು ನೋಡಿ ನನ್ನ ಕಡೆ ತಿರುಗಿದರು.

"ಅಲ್ಲ ಕಣಪ್ಪ, ಎಲ್ಲಾ ಟೀವೀಲೂ ಮೀನೇ ಅಲ್ವಾ?"

"ಅದು ಡೆಮೊ ವಿಡಿಯೋ ಯಜಮಾನ್ರೆ, ಬಣ್ಣ ತೋರ್ಸಕ್ಕೆ."

"ಮೀನು ನಮ್ಮೂರ್ ಹೊಳೇಲೇ ಅದಾವೆ. ನಂಗೆ ವಾರ್ತೆ ಹೇಳೋನ್ ಮುಖ ಹೆಂಗ್ ಕಾಣ್ತದೆ ಅನ್ನದ್ ಬೇಕು."

ಶೋರೂಮಿನಲ್ಲಿ ಕೇಬಲ್ ಇರಲಿಲ್ಲ, ಇರಬಾರದು ಎಂದೇ ಕಂಪನಿಯ ಕಟ್ಟಪ್ಪಣೆ. ಎದುರಿನ ಟೀ ಅಂಗಡಿಯಲ್ಲಿ ಅದೇ ಮಾಡೆಲ್ಲಿನ ಟೀವಿ ಇದ್ದದ್ದು ನೆನಪಾಗಿ ಅವರನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಟೀ ಕುಡಿದು, ವಾರ್ತೆ ನೋಡಿ, ಅವರಿಗೆ ಬಲು ಸಂತೋಷವಾಯಿತು. ಟೀ ಅಂಗಡಿಯವನನ್ನು "ಇದನ್ನ ಎಲ್ ತಕಂಡೆ?" ಅಂತ ಕೇಳಿದರು. ಅವನು ಬಸ್ ಸ್ಟ್ಯಾಂಡ್ ಪಕ್ಕದ ಇನ್ನೊಂದು ಅಂಗಡಿಯ ಹೆಸರು ಹೇಳಿದ. ಅವರು ನೆಟ್ಟಗೆ ಅಲ್ಲಿಗೇ ಹೋಗಿ ತೆಗೆದುಕೊಂಡರು. ಟೀ ದುಡ್ಡು ನಾನು ಕೊಟ್ಟೆ.

ನಮ್ಮ ಮ್ಯಾನೇಜರ್ ಬಿಜು ಅಂತ, ವಯನಾಡಿನ ಕಡೆಯವರು. ಒಳ್ಳೆಯ ಮನುಷ್ಯ. ಸಿಟ್ಟು ಬಂದರೆ ಅವರ ಕನ್ನಡಕ್ಕೆ ಮಲೆಯಾಳದ ರಾಗ ಬರುತ್ತಿತ್ತು. "ಮಾದಣ್ಣ, ನಿಮಗೆ ಸಂಬಳ ಕೊಡುವುದು ನಾವಾ, ಆ ಟೀ ಅಂಗಡಿಯಾ? ಒಂದು ಹೇಳಿ, ನಾನು ಸಮಾಧಾನ ಆಗುತ್ತೇನೆ" ಅಂದರು.  ಹಿಂದೆ ನಿಂತಿದ್ದ ಹುಡುಗರೆಲ್ಲ ಫ್ರಿಜ್ಜಿನ ಬಾಗಿಲು ತೆಗೆದು ಅದರೊಳಗೆ ತಲೆ ತೂರಿಸಿ ನಕ್ಕರು.

ಮೂರನೆಯದು ಫೋನು. ಹಿಂದಿನ ಅಂಗಡಿಯಲ್ಲಿ ಗ್ಯಾರಂಟಿ ಕಾರ್ಡಿಗೆ ಸೀಲು ಒತ್ತಿ, ಸಹಿ ಹಾಕಿ ಕೊಟ್ಟರೆ ಆಯಿತು. ಕೆಟ್ಟರೆ ಹೊತ್ತು ತರುತ್ತಿದ್ದರು, ನಾನೇ ಬಿಚ್ಚುತ್ತಿದ್ದೆ. ಶೋರೂಮ್ ಬಂದ ಮೇಲೆ ನಾವು ಮಾರುವವರು ಮಾತ್ರ. ಕೆಟ್ಟರೆ ತಯಾರಿಸಿದ ಕಂಪನಿಯ ನಂಬರಿಗೆ ಫೋನ್ ಮಾಡಬೇಕು. ಅದು ಮೊದಲು ಹಾಡು ಹಾಡುತ್ತದೆ, ಆಮೇಲೆ ಒಂದು ಒತ್ತು, ಎರಡು ಒತ್ತು ಅನ್ನುತ್ತದೆ. ಕನ್ನಡಕ್ಕೆ ಒತ್ತಿದರೆ ಹಿಂದಿಯವರು ಎತ್ತುತ್ತಾರೆ. ಗುರುಪುರದ ಟಿಬೆಟನ್ ಕ್ಯಾಂಪಿನಿಂದ ಬರುತ್ತಿದ್ದ ಹಿರಿಯರೊಬ್ಬರಿಗೆ ಹಿಂದಿಯೂ ಕನ್ನಡವೂ ಚೆನ್ನಾಗಿ ಬರುತ್ತಿತ್ತು. ತಮ್ಮ ಗೀಸರಿನ ದೂರು ಹೇಳಲು ಬಂದವರು ಅಲ್ಲೇ ಕುರ್ಚಿ ಹಾಕಿಕೊಂಡು ಕೂತು, ಪಿರಿಯಾಪಟ್ಟಣದ ಹೆಂಗಸಿನ ಗ್ರೈಂಡರು, ಬಿಳಿಕೆರೆಯ ಹುಡುಗನ ಫ್ಯಾನು ಎಲ್ಲದರ ದೂರನ್ನೂ ಹಿಂದಿಯಲ್ಲಿ ಬರೆಸಿಕೊಟ್ಟರು. ಹೋಗುವಾಗ "ನನಗೂ ಒಂದು ಕೆಂಪು ಅಂಗಿ ಕೊಡ್ರಿ" ಅಂದರು. ಅವರ ಗೀಸರಿನ ದೂರು ಮಾತ್ರ ದಾಖಲಾಗಲೇ ಇಲ್ಲ, ಅವರ ಸರದಿ ಬರುವಷ್ಟರಲ್ಲಿ ಲೈನು ಕಟ್ಟಾಗಿತ್ತು.

ಅದಾದ ಮೇಲೆ ಓಟಿಪಿ ಬಂತು. ಮನೆಗೆ ಬಂದ ಎಂಜಿನಿಯರ್ ಕೆಲಸ ಮುಗಿಸಿ ಗಿರಾಕಿಯ ಫೋನಿಗೆ ಬರುವ ನಂಬರನ್ನು ಕೇಳುತ್ತಾನೆ. ಗಿರಾಕಿ ಅದನ್ನು ಹೇಳಿದರೆ ಕಂಪನಿಯ ಲೆಕ್ಕದಲ್ಲಿ ದೂರು ತೀರಿತು. ಕಾಡಂಚಿನ ಊರುಗಳಲ್ಲಿ ಸಿಗ್ನಲ್ ಸಿಗುವುದು ಯಾವುದೋ ದಿಬ್ಬದ ಮೇಲೆ. ಎಂಜಿನಿಯರ್ ಗಿರಾಕಿಯ ಜತೆ ಮೊದಲು ಆ ದಿಬ್ಬ ಹತ್ತಿ ನಂಬರು ಇಸಿದುಕೊಂಡೇ ಕೆಲಸಕ್ಕೆ ಇಳಿಯುತ್ತಿದ್ದ. ಹುಡುಗರೇ, ಇದನ್ನು ಸರಿಯಾಗಿ ಕೇಳಿಸಿಕೊಳ್ಳಿ. ನಾನು ಕಂಡ ಎಲ್ಲ ಜಗಳಗಳ ಬೇರು ಇಲ್ಲೇ ಇದೆ. ಈ ನಂಬರಿನಿಂದ ಒಂದು ಹೆಣ್ಣುಮಗಳ ಬಾಳು ಕಹಿಯಾಗುವುದರಲ್ಲಿತ್ತು.

ಪಿರಿಯಾಪಟ್ಟಣದ ಕಡೆಯ ಚಿಕ್ಕೇಗೌಡರು ನನಗೆ ಹಳೆಯ ಅಂಗಡಿಯ ಕಾಲದಿಂದಲೂ ಗೊತ್ತು. ಮಗಳು ಶೋಭಾಳ ಮದುವೆಗೆ ವಾಷಿಂಗ್ ಮಷಿನ್ ಕೊಡಬೇಕೆಂದು ಬಂದರು. ಮುಂದಿನಿಂದ ಗಾಜಿನ ಬಾಗಿಲು ತೆಗೆಯುವಂಥದ್ದು, ನೀರನ್ನು ತಾನೇ ಕಾಯಿಸಿಕೊಳ್ಳುವಂಥದ್ದೇ ಬೇಕೆಂದು ಹಟ ಹಿಡಿದು ಆರಿಸಿದರು. ಗಂಡಿನ ಮನೆ ಸರಗೂರಿನ ಆಚೆಯ ಒಂದು ಹಳ್ಳಿ. ಬಿಲ್ಲಿನಲ್ಲಿ ಪಿರಿಯಾಪಟ್ಟಣದ ವಿಳಾಸವಿದ್ದರೆ ಸರಗೂರಿಗೆ ಸಾಮಾನು ಕಳಿಸಲು ಕಂಪ್ಯೂಟರ್ ಒಪ್ಪಲಿಲ್ಲ. ಹಾಗಾಗಿ ಮಷಿನ್ ಮೊದಲು ಅವರ ಮನೆಗೇ ಹೋಯಿತು. ಮದುವೆಯ ಮಾರನೆಯ ದಿನ ಮಂಚ, ಬೀರು, ಪಾತ್ರೆಗಳ ಜತೆ ಟೆಂಪೋದಲ್ಲಿ ನಿಂತು ಸರಗೂರಿನ ದಾರಿ ಹಿಡಿಯಿತು.

ಅಲ್ಲಿಗೆ ಎಂಜಿನಿಯರ್ ಹೋದ. ಅವನಿಗೆ ಆ ದಿನ ಇನ್ನೂ ಎಷ್ಟೋ ಮನೆ ಬಾಕಿ. ನಲ್ಲಿ ಜೋಡಿಸಿದ, ಬಿಸಿನೀರಿನಲ್ಲಿ ಖಾಲಿ ಓಡಿಸಿ ನೋಡಬೇಕೆಂದು ಗುಂಡಿ ಒತ್ತಿದ, ಮಷಿನ್ ತಿರುಗಿದ್ದನ್ನು ಕಂಡ. "ತಾನೇ ನಿಲ್ಲುತ್ತದೆ" ಎಂದು ನಂಬರು ಕೇಳಿ ಇಸಿದುಕೊಂಡು ಬೈಕ್ ಹತ್ತಿದ. ಮಷಿನ್ ತಾನೇ ನಿಂತಿತು. ಒಳಗೆ ನೀರು ತುಂಬಿಕೊಂಡು, ಬಾಗಿಲು ಬಿಗಿದುಕೊಂಡು, ಕೆಂಪು ದೀಪ ಮಿಣಮಿಣ ಅನ್ನಿಸುತ್ತ ನಿಂತೇ ಬಿಟ್ಟಿತು.

ಆ ವಾರವೆಲ್ಲ ಫೋನ್ ಮಾಡಿದರೂ ಕಂಪನಿಯಿಂದ ಬಂದ ಉತ್ತರ ಒಂದೇ: ನಿಮ್ಮ ದೂರು ತೀರಿದೆ, ನಂಬರು ನೀವೇ ಕೊಟ್ಟಿದ್ದೀರಿ.

ಶುಕ್ರವಾರ ಚಿಕ್ಕೇಗೌಡರು ಶೋರೂಮಿಗೆ ಬಂದರು. ಮಾರಿದ ಹುಡುಗ ಕಸ್ಟಮರ್ ಕೇರ್ ಟೇಬಲ್ಲು ತೋರಿಸಿದ, ಟೇಬಲ್ಲಿನ ಹುಡುಗಿ ಕ್ಯಾಶ್ ಕೌಂಟರ್ ತೋರಿಸಿದಳು, ಕ್ಯಾಶಿನವನು ಬಿಜು ಅವರ ಕೋಣೆ ತೋರಿಸಿದ, ಬಿಜು ಅವರು ಗೋಡೆಯ ಮೇಲಿನ ಫೋನ್ ನಂಬರು ತೋರಿಸಿದರು. ನಾನು ಗೋಡೌನಿನಿಂದ ಬರುವಾಗ ಅವರು ಮಷಿನ್ನುಗಳ ನಡುವೆ ನಿಂತು ಟವಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

"ಮಾದಣ್ಣ, ಈ ಅಂಗ್ಡಿಗೆ ಯಜಮಾನ ಅನ್ನೋನು ಒಬ್ನಾದ್ರೂ ಇದ್ದಾನಾ? ಇದ್ರೆ ತೋರ್ಸು. ಬೆಳಗಿಂದ ಗಾಣದೆತ್ತು ಸುತ್ತದಂಗೆ ಸುತ್ತಿವ್ನಿ."

"ಕೂತ್ಕಳಿ ಗೌಡ್ರೆ, ನೀರು ಕುಡೀರಿ. ಏನಾಯ್ತು?"

"ಏನಾಯ್ತಾ? ಭಾನ್ವಾರ ಬೀಗರೂಟ. ಇಡೀ ನೆಂಟ್ರು ಅಲ್ಲಿಗ್ ಬತ್ತಾರೆ. ಅಳಿಯನ ದೊಡ್ಡಪ್ಪ ಒಬ್ಬವ್ನೆ, ನಾಲ್ಗೆ ಅಂದ್ರೆ ಕುಯ್ಯೋ ಕುಡ್ಲು. 'ಬೀಗ್ರು ಕೆಟ್ಟಿರೋ ಸೆಕೆಂಡ್ ಹ್ಯಾಂಡ್ ಡಬ್ಬ ಕೊಟ್ಟು ಹೆಣ್ಣ ಸಾಗಾಕವ್ರೆ' ಅಂತ ಊರೆಲ್ಲ ಸಾರವ್ನೆ. ಮಗ್ಳು ಫೋನ್ನಲ್ಲಿ ಅಳ್ತಾ ಅವ್ಳೆ. ಭಾನ್ವಾರದೊಳಗೆ ಅದು ತಿರುಗ್ದೆ ಓದ್ರೆ ನಾನು ಆ ಮನೆ ಎಲೆ ಮುಂದೆ ಹೆಂಗ್ ಕೂತ್ಕಳ್ಳಿ? ನಾನ್ ಕೂತ್ಕಂಡ್ ಎದ್ದ್ ಬಂದೇನು, ಅವ್ಳು ಅಲ್ಲೇ ಬಾಳ್ಬೇಕಲ್ಲ?"

ನಾನು ಬಿಜು ಅವರ ಕೋಣೆಗೆ ಹೋದೆ. ಸರ್ವೀಸು ನಮ್ಮ ಕೈಯಲ್ಲಿಲ್ಲ, ಅದು ತಯಾರಿಸಿದವರದು ಅಂದರು. ಭಾನುವಾರ ಬೀಗರೂಟವಿದೆ ಸರ್ ಅಂದೆ. ಹಾಗೆಂದರೇನು ಅಂತ ಕೇಳಿದರು. ಮದುವೆಯಾದ ಮೇಲೆ ಗಂಡಿನ ಮನೆಯಲ್ಲಿ ಹೆಣ್ಣಿನ ಕಡೆಯವರಿಗೆ ಹಾಕುವ ಬಾಡೂಟ, ಅದರಲ್ಲಿ ಊಟಕ್ಕಿಂತ ಹೆಚ್ಚಾಗಿ ನೋಟ ನಡೆಯುತ್ತದೆ, ಹೆಣ್ಣು ಏನು ತಂದಳು ಅನ್ನುವುದನ್ನು ಮುಟ್ಟಿ ಮುಟ್ಟಿ ನೋಡುತ್ತಾರೆ ಎಂದು ಬಿಡಿಸಿ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ನನ್ನ ತಂಗಿ ಮದುವೆಯಲ್ಲಿ ನಾವು ಕೊಟ್ಟ ಫ್ರಿಜ್ಜಿನ ಬಣ್ಣ ಸರಿಯಿಲ್ಲ ಎಂದು ಅವಳ ಅತ್ತೆ ಇವತ್ತಿಗೂ ಹೇಳುವುದುಂಟು ಮಾದಣ್ಣ" ಅಂದರು. ಆಮೇಲೆ ಎಂಜಿನಿಯರನ ಸ್ವಂತ ಫೋನಿಗೇ ಫೋನ್ ಮಾಡಿ, ಯಾವ ರಾಗದಲ್ಲಿ ಬೈದರೋ ಗೊತ್ತಿಲ್ಲ, ಶನಿವಾರ ಬೆಳಿಗ್ಗೆ ಅವನು ಹೆಗ್ಗಡದೇವನಕೋಟೆಯ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ. ಡೆಲಿವರಿ ವ್ಯಾನಿನಲ್ಲಿ ನಾನು, ಚಿಕ್ಕೇಗೌಡರು ಹೋಗಿ ಅವನನ್ನು ಹತ್ತಿಸಿಕೊಂಡೆವು.

ಗಂಡಿನ ಮನೆಯ ಅಂಗಳದಲ್ಲಿ ಶಾಮಿಯಾನ ಕಟ್ಟುತ್ತಿದ್ದರು. ಶೋಭಾಳ ಅತ್ತೆ ನಿಂಗಮ್ಮ ಜಗಲಿಯಲ್ಲಿ ಮೊರದ ತುಂಬ ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದರು. ದೊಡ್ಡಪ್ಪನೆಂಬವರು ಕುರ್ಚಿಯ ಮೇಲೆ ಕಾಲು ಹಾಕಿಕೊಂಡು, "ಬನ್ನಿ ಬನ್ನಿ, ಡಬ್ಬ ಒತ್ಕಂಡ್ ಓಗಕ್ ಬಂದ್ರಾ?" ಅಂತ ಸ್ವಾಗತಿಸಿದರು. ಚಿಕ್ಕೇಗೌಡರು ತಲೆ ಎತ್ತಲಿಲ್ಲ.

ಬಚ್ಚಲಿನ ಪಕ್ಕದಲ್ಲಿದ್ದ ಮಷಿನ್ನಿನ ಹತ್ತಿರ ಹೋದರೆ, ಗೋಡೆಯಿಂದ ಇಳಿದ ಇರುವೆ ಸಾಲು ನೆಟ್ಟಗೆ ಅದರ ಅಡಿಗೆ ಹೋಗುತ್ತಿತ್ತು. ಬಟ್ಟೆ ಒಗೆಯುವ ಮಷಿನ್ನಿಗೆ ಇರುವೆ ಮುತ್ತಿದ್ದನ್ನು ನನ್ನ ಆಯುಸ್ಸಿನಲ್ಲಿ ಕಂಡಿರಲಿಲ್ಲ. ಎಂಜಿನಿಯರ್ ಕೆಳಗಿನ ಚಿಕ್ಕ ಮುಚ್ಚಳ ತೆಗೆದು, ನೀರು ಹೋಗುವ ಜಾಲರಿಯನ್ನು ತಿರುವಿದ. ಕಂದು ಬಣ್ಣದ ನೀರು ಬಳಬಳನೆ ಬಂತು. ಜತೆಗೆ ಘಮ್ಮೆಂದು ಒಂದು ವಾಸನೆ, ಸ್ವಲ್ಪ ಹುಳಿ ಬಂದ ಪಾಯಸದ್ದು. ಜಾಲರಿ ಹೊರಗೆಳೆದರೆ ಅದರ ತುಂಬ ಅನ್ನ! ಅರಿಶಿನದ ಅನ್ನ. ಬಿಸಿನೀರಿನಲ್ಲಿ ಬೆಂದು ಊದಿಕೊಂಡ ಅಕ್ಕಿ, ಕರಗಿದ ಬೆಲ್ಲ. ಮಷಿನ್ ಕೆಟ್ಟಿರಲಿಲ್ಲ, ಅಡುಗೆ ಮಾಡಿತ್ತು.

ನನಗೆ ನಗು ಒತ್ತಿಕೊಂಡು ಬಂತು. ಆದರೆ ತಿರುಗಿ ನೋಡಿದರೆ ಬೇರೆ ಯಾರೂ ನಗುತ್ತಿರಲಿಲ್ಲ. ಶೋಭಾಳ ಮುಖ ಬಿಳುಚಿಕೊಂಡಿತ್ತು. ದೊಡ್ಡಪ್ಪ ಎದ್ದು ನಿಂತಿದ್ದರು.

"ನೋಡ್ರಪ್ಪಾ ನೋಡ್ರಿ! ಅರಿಶ್ಣದಕ್ಕಿ! ಯಾರಾದ್ರೂ ಬಟ್ಟೆ ಮಷಿನ್ಗೆ ಅಕ್ಕಿ ಆಕ್ತಾರಾ? ಇದು ಸುಮ್ಕೆ ಬಂದಿರೋದಲ್ಲ. ಏನೋ ಮಾಡ್ಸಿ ಕಳ್ಸವ್ರೆ ಮನೆಗೆ."

ಎಂಜಿನಿಯರ್ ತನ್ನ ಪಾಡಿಗೆ, "ಒಳಗೆ ಬೇರೆ ವಸ್ತು ಇದ್ದರೆ ವಾರಂಟಿ ಬರಲ್ಲ. ಹಾಕಿದವರು ಯಾರು ಅಂತ ಹೇಳಬೇಕು" ಅಂದ. ಶಾಮಿಯಾನ ಕಟ್ಟುವವರೂ ಗೂಟ ಬಿಟ್ಟು ಬಂದು ನಿಂತರು. ಚಿಕ್ಕೇಗೌಡರು ಹೆಗಲಿನ ಟವಲ್ಲು ತೆಗೆದು ಮತ್ತೆ ಮುಖ ಒರೆಸಿಕೊಂಡರು. ಮಾಟ ಮಾಡಿಸಿದವರ ಮಗಳು ಎಂಬ ಹೆಸರು ಒಮ್ಮೆ ಬಂದರೆ ಆ ಹುಡುಗಿ ಆ ಊರಿನಲ್ಲಿ ಯಾರ ಮನೆಯ ಹೊಸಿಲೂ ದಾಟುವಂತಿರಲಿಲ್ಲ. ನಾಳೆ ಬರುವ ನೆಂಟರಿಗೆ ಬಾಡೂಟಕ್ಕಿಂತ ರುಚಿ ಆ ಮಾತೇ ಆಗುತ್ತಿತ್ತು.

ಆಗ ಜಗಲಿಯಿಂದ ನಿಂಗಮ್ಮ ಎದ್ದು ಬಂದರು. ಕೈಯಲ್ಲಿ ಇನ್ನೂ ಬೆಳ್ಳುಳ್ಳಿ ಸಿಪ್ಪೆ.

"ಏನ್ ಭಾವ, ಅಂಗ್ಯಾಕ್ ಕೂಗಾಡ್ತೀರಿ? ಅಕ್ಕಿ ಆಕಿದ್ದು ನಾನು."

"ನೀನಾ?"

"ಊ ಕಣ್ರೀ, ನಾನೇ. ಮನೆಗ್ ಬಂದ ಪಾತ್ರೆ ಬರಿದಾಗ್ ಇರಬಾರ್ದು ಅಂತ ಒಂದ್ ಹಿಡಿ ಅರಿಶ್ಣದಕ್ಕಿ, ಒಂದಚ್ಚು ಬೆಲ್ಲ ಆಕ್ದೆ. ನಿಮ್ಮನೆಗೆ ಅಂಡೆ ಬಂದಾಗ ನಿಮ್ಮವ್ವ ಆಕಿರ್ಲಿಲ್ವಾ? ಅಂಡೆ ಆದ್ರೇನು ಮಷಿನ್ ಆದ್ರೇನು, ನೀರ್ ತುಂಬೋದೇ ತಾನೆ. ಅದು ಬೇಯಿಸ್ತದೆ ಅಂತ ನಂಗೇನ್ ಗೊತ್ತು? ಒಲೆ ಅಂತ ಏಳಿದ್ರೆ ಹಾಲೂ ಆಕ್ತಿದ್ದೆ."

ಮೊದಲು ನಕ್ಕವರು ಶಾಮಿಯಾನದವರು. ಆಮೇಲೆ ಎಂಜಿನಿಯರ್ ನಕ್ಕ. ದೊಡ್ಡಪ್ಪ "ಅಂಗಿದ್ರೆ ಮೊದ್ಲೇ ಏಳ್ಬಾರ್ದಾ" ಅಂತ ಗೊಣಗಿ, ಕುರ್ಚಿಯನ್ನು ಎತ್ತಿಕೊಂಡು ನೆರಳಿಗೆ ಹೋದರು. ಜಾಲರಿ ತೊಳೆದು, ಎರಡು ಸಲ ಬರೀ ನೀರಿನಲ್ಲಿ ಓಡಿಸಿದಾಗ ಮಷಿನ್ ಸದ್ದಿಲ್ಲದೆ ತಿರುಗಿ, ನೀರು ಚೆಲ್ಲಿ, ಬಾಗಿಲು ತೆರೆದುಕೊಂಡಿತು. ಅದು ಪೂರ್ತಿ ನಿಲ್ಲುವವರೆಗೂ ನಂಬರು ಕೊಡಬೇಡವೆಂದು ಶೋಭಾಳಿಗೆ ನಾನು ಹೇಳಿದ್ದೆ. ಅವಳು ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡೇ ನಿಂತಿದ್ದಳು.

ಹೊರಡುವ ಮೊದಲು ನಿಂಗಮ್ಮ ನನ್ನನ್ನು ಹಿತ್ತಲಿಗೆ ಕರೆದು ಮಜ್ಜಿಗೆ ಕೊಟ್ಟರು.

"ಅಮ್ಮಾ, ಇನ್ಮೇಲೆ ಅದ್ರೊಳಗೆ ಏನೂ ಹಾಕ್ಬೇಡಿ" ಅಂದೆ.

"ನಾನೆಲ್ ಆಕ್ದೆ ಬುಡಪ್ಪ" ಅಂದರು ತಗ್ಗಿದ ದನಿಯಲ್ಲಿ. "ಆ ಗಾಜಿನ್ ಬಾಗ್ಲು ತೆಗೆಯಕ್ಕೇ ನಂಗ್ ಬರಾಕಿಲ್ಲ. ಶೋಭಾನ ಅವ್ವ ಆಕಿರ್ತಾಳೆ. ನಮ್ಮವ್ವನೂ ನಂಗ್ ಕೊಟ್ಟ ಕೊಳಗದೊಳಕ್ಕೆ ಆಕಿದ್ಲು, ಬರೀ ಪಾತ್ರೆ ಕೊಟ್ರೆ ಮಗ್ಳ ಮಡ್ಲು ಬರಿದಾಗ್ತದೆ ಅಂತ. ಪಾಪ, ಆ ಹೆಣ್ಮಗ ಹೊಸದಾಗ್ ಬಂದೈತೆ. ಅದ್ರ ಮೇಲೆ ಯಾಕೆ ಮಾತ್ ಬರ್ಬೇಕು? ನಂಗಾದ್ರೆ ಬೈಸ್ಕಂಡ್ ಅಭ್ಯಾಸ."

ವ್ಯಾನಿನಲ್ಲಿ ಚಿಕ್ಕೇಗೌಡರು ನನ್ನ ಪಕ್ಕ ಕೂತರು. ಹ್ಯಾಂಡ್‌ಪೋಸ್ಟ್ ಸರ್ಕಲ್ ದಾಟಿದ ಮೇಲೆ, "ನಮ್ಮೋಳೇ ಕಣೋ ಮಾದಣ್ಣ ಆಕಿದ್ದು. ನಾನೇ ಬಾಗ್ಲು ತೆಕ್ಕೊಟ್ಟೆ" ಅಂದರು. ನಾನು ಗೊತ್ತು ಅನ್ನಲಿಲ್ಲ.

ಭಾನುವಾರ ಬೀಗರೂಟಕ್ಕೆ ನನ್ನನ್ನೂ ಕರೆದಿದ್ದರು, ಹೋದೆ. ಬಿಜು ಅವರನ್ನೂ ಎಬ್ಬಿಸಿಕೊಂಡು ಹೋದೆ. ಅವರು ಚಿಕ್ಕೇಗೌಡರ ಪಕ್ಕದ ಎಲೆಗೆ ಕೂತು ಮೂರು ಸಲ ಮುದ್ದೆ ಹಾಕಿಸಿಕೊಂಡರು. ಎಂಜಲಾದ ಟವಲ್ಲುಗಳೆಲ್ಲ ಆ ಮಷಿನ್ನಿನಲ್ಲೇ ತಿರುಗುತ್ತಿದ್ದವು. ನೆಂಟರ ಹೆಂಗಸರು ಗಾಜಿನೊಳಗೆ ಇಣುಕಿ ನೋಡುತ್ತಿದ್ದರು, ಶೋಭಾ ಪಕ್ಕದಲ್ಲಿ ನಿಂತು ಯಾವ ಗುಂಡಿ ಯಾವುದಕ್ಕೆ ಅಂತ ಹೇಳಿಕೊಡುತ್ತಿದ್ದಳು. ದೊಡ್ಡಪ್ಪ ತಮ್ಮ ಪಂಚೆಯನ್ನೂ ತಂದು ಕೊಟ್ಟಿದ್ದರು.

ಆಮೇಲಿಂದ ಮದುವೆಯ ಮನೆಗೆ ಯಾವ ಮಷಿನ್ ಹೋದರೂ ನಾನು ಹೆಣ್ಣಿನ ತಾಯಿಯನ್ನು ಪಕ್ಕಕ್ಕೆ ಕರೆದು, ಅಕ್ಕಿ ಬೇಡ ಅನ್ನುತ್ತಿರಲಿಲ್ಲ. ಬಟ್ಟೆಯಲ್ಲಿ ಕಟ್ಟಿ ಮೇಲಿಡಿ ಅನ್ನುತ್ತಿದ್ದೆ. ಬೇಡ ಅಂದರೆ ಮುಚ್ಚಿಟ್ಟು ಹಾಕುತ್ತಾರೆ. ನೀವೂ ಹಾಗೇ ಹೇಳಿ. ಗುಂಡಿ ಒತ್ತುವ ಮೊದಲು ಬಾಗಿಲು ತೆಗೆದು ಒಳಗೆ ಕೈಯಾಡಿಸಿ ನೋಡಿ. ನಂಬರನ್ನು ಕೊನೆಗೆ ಕೇಳಿ.

ಕೆಂಪು ಅಂಗಿ ಬಿಚ್ಚಿಟ್ಟ ಮೇಲೆ ಈಗ ನನಗಿರುವುದು ಇಷ್ಟು: ಹುಣಸೂರಿನಲ್ಲಿ ಎರಡು ಕೋಣೆಯ ಒಂದು ಮನೆ. ಊರಿನಲ್ಲಿ ಅಣ್ಣನ ಪಾಲಿನ ಪಕ್ಕ ಮುಕ್ಕಾಲು ಎಕರೆ. ಒಬ್ಬಳು ಹೆಂಡತಿ, ಮದುವೆಯಾದ ಇಬ್ಬರು ಹೆಣ್ಣುಮಕ್ಕಳು. ಒಂದು ಸ್ಕೂಟರು, ಒಂದು ಹಸು, ನೋಯುವ ಮೊಣಕಾಲು ಒಂದು, ನೋಯದ್ದು ಒಂದು. ಒಂದು ವಾಷಿಂಗ್ ಮಷಿನ್, ಅದರ ಮೇಲೆ ಹೆಂಡತಿ ಬಟ್ಟೆಯಲ್ಲಿ ಕಟ್ಟಿಟ್ಟ ಒಂದು ಹಿಡಿ ಅಕ್ಕಿ.